ಕೇಳದೇ ತುಂಬುವ ಬುಟ್ಟಿ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಜೀವನ್ ಬಿಮಾ ನಗರದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಏನೇನ್ ನೋಡ್ಕೊಂಡ್ ಬಂದ್ರಿ?" ನಾನು ಮೂರು ವಾರ ಟೆಕ್ಸಸ್‌ನಲ್ಲಿದ್ದು ಬಂದವಳು. ಚಂದ್ರಲೋಕಕ್ಕೆ ಹೋಗುವಂಥ ರಾಕೆಟ್ ನೋಡಿದ್ದೇನೆ. ಒಂದರ ಮೇಲೊಂದು ಹೇರಿಟ್ಟ ರಸ್ತೆಗಳನ್ನು ನೋಡಿ, ನಮ್ಮ ಕೆ.ಆರ್. ಪುರದ ಸೇತುವೆಯ ಮೇಲೆ ಇಷ್ಟು ವರ್ಷ ಪಟ್ಟ ಸಿಟ್ಟನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ. ಆದರೂ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಒಂದು ಬುಟ್ಟಿಯ ಸುದ್ದಿ.

ಪ್ಲಾಸ್ಟಿಕ್ ಬುಟ್ಟಿ. ಒಳಗೆ ಹಾಸಿದ ಕಾಗದ, ಅದರ ತುಂಬ ಮುಸುಕಿನ ಜೋಳದ ಬಿಸಿ ಚಿಪ್ಸು. ಹೆದ್ದಾರಿ ಪಕ್ಕದ ಒಂದು ಸಾಧಾರಣ ಹೋಟೆಲಿನಲ್ಲಿ ನಾವು ಕೇಳದೆಯೇ ತಂದಿಟ್ಟದ್ದು. ಇದೇನು ಮಹಾ ಎಂದು ಪಕ್ಕದ ಮನೆಯವರು ಮುಖ ಸಿಂಡರಿಸುತ್ತಾರೆ. ಅವರಿಗೆ ಅಕ್ಕನ ವಿಷಯ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಲಸೂರು

ನನ್ನ ಅಕ್ಕ ಶಾರದಾ ಹಲಸೂರಿನಲ್ಲಿ ಮಗಳು ಪಲ್ಲವಿಯ ಜೊತೆ ಇದ್ದಾಳೆ. ನಮ್ಮ ಭಾವ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ಜೀವನ ಪೂರ್ತಿ ವಿಮಾನದ ರೆಕ್ಕೆಗೆ ರಿವೆಟ್ ಹೊಡ್ದಿದ್ದೀನಿ, ಒಂದ್ಸಲ ಆ ದೊಡ್ಡ ರಾಕೆಟ್ ಹತ್ರ ನಿಂತ್ಕೊಂಡ್ ನೋಡ್ಬೇಕು" ಎನ್ನುತ್ತಿದ್ದರು. ಇಬ್ಬರಿಗೂ ವೀಸಾ ಕೂಡ ಆಗಿತ್ತು. ಒಂದು ಬೆಳಗ್ಗೆ ಕಾಫಿ ಕುಡಿಯುತ್ತ ಕೂತ ಭಾವ ಮತ್ತೆ ಏಳಲಿಲ್ಲ.

ಅದಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಅಕ್ಕ ಅರ್ಧ ಆಗಿಬಿಟ್ಟಳು. ಕೈ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಶಿವಾಜಿನಗರದ ಟೈಲರ್ ಸಾಹೇಬರು ಅವಳ ರವಿಕೆಗಳನ್ನು ಮೂರನೇ ಸಲ ಹಿಡಿದು ಕೊಡುವಾಗ, "ಅಮ್ಮಾ, ಇನ್ನು ಹಿಡಿಯೋಕೆ ಬಟ್ಟೆ ಇಲ್ಲ, ಸ್ವಲ್ಪ ಊಟ ಮಾಡಿ" ಎಂದರಂತೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ರೋಗ ಏನೂ ಇಲ್ಲ, ಆದರೆ ಹೀಗೇ ಇಳಿಯುತ್ತ ಹೋದರೆ ಹಾಸಿಗೆ ಹಿಡಿಯುತ್ತಾರೆ ಎಂದು ಪಲ್ಲವಿಯನ್ನು ಹೆದರಿಸಿ ಕಳಿಸಿದರು.

"ಚಿಕ್ಕಮ್ಮಾ, ನಾನು ದಿನಾ ಕೇಳ್ತೀನಿ. ಬೇಡ ಅಂತಾಳೆ. ಬಲವಂತ ಮಾಡಿದ್ರೆ ಎಲ್ಲಿ ಬೇಜಾರ್ ಮಾಡ್ಕೋತಾಳೋ ಅಂತ ಸುಮ್ನಾಗ್ತೀನಿ" ಎಂದು ಆ ಹುಡುಗಿ ಕಣ್ಣೊರೆಸಿಕೊಂಡಳು. ಭಾವ ಹೋಗಬೇಕೆಂದಿದ್ದ ಕಡೆಗೆ ಅಕ್ಕನನ್ನು ನಾನೇ ಕರೆದುಕೊಂಡು ಹೋಗುತ್ತೇನೆ, ಮೈ ತುಂಬಿಸಿಕೊಂಡು ವಾಪಸ್ ಕರೆತರುತ್ತೇನೆ ಎಂದು ಮಾತು ಕೊಟ್ಟೆ. ಮೂವತ್ತು ವರ್ಷ ವಿಮೆ ಕಚೇರಿಯಲ್ಲಿ ಕೂತವಳಿಗೆ ಭರವಸೆ ಕೊಡುವುದು ಸಲೀಸು.

ಹೊರಡುವ ಮುಂಚೆ ಅಕ್ಕ ಎರಡು ಡಬ್ಬಿ ಕೋಡುಬಳೆ ಕರಿದಳು. ಅದರಲ್ಲಿ ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಕೇಳಿದರೆ, "ಕರಿಯೋ ವಾಸನೆಗೇ ಹೊಟ್ಟೆ ತುಂಬ್ತು" ಎಂದಳು.

ವಿಮಾನದಲ್ಲಿ

ವಾಂತಿ ಬಾರದಿರಲೆಂದು ನುಂಗಿದ ಮಾತ್ರೆ ನನ್ನನ್ನು ನಿದ್ದೆಗೆ ಕೆಡವಿತು. ಎಚ್ಚರವಾದಾಗ ಅಕ್ಕ ನೆಟ್ಟಗೆ ಕೂತಿದ್ದಳು. ಅವಳ ಮುಂದಿನ ಪುಟ್ಟ ಮೇಜು ಮಡಚಿದಂತೆಯೇ ಇತ್ತು.

"ಊಟ ಕೊಟ್ರಾ?"

"ಎರಡ್ ಸಲ ಬಂದ್ರು. ಬೇಡ ಅಂದೆ."

"ಯಾಕೇ?"

"ಬೇಕಾ ಅಂದ್ಳು, ನೋ ಥ್ಯಾಂಕ್ಸ್ ಅಂದೆ. ಸರಿ ಅಂತ ಹೊರಟೇಹೋದ್ಳು ಕಣೇ! ಒಂದೇ ಒಂದ್ ಸಲ ಕೇಳಿ!"

ಆ ಗಗನಸಖಿಯನ್ನು ಏನೆಂದು ಬೈಯುವುದು? ನಮ್ಮ ಮನೆಗಳ ಪಾಠ ಅವಳಿಗೆ ಯಾರು ಹೇಳಿಕೊಡಬೇಕು? ನಾವು ಬೆಳೆದ ಮನೆಯಲ್ಲಿ ಮೊದಲ ಸಲ ಬೇಡ ಎನ್ನುವುದು ಮರ್ಯಾದೆ. ಎರಡನೇ ಸಲ ಬೇಡ ಎನ್ನುವುದು ಸಂಕೋಚ. ಮೂರನೇ ಸಲವೂ ಬೇಡ ಎಂದರೆ ಮಾತ್ರ ಬಡಿಸುವವರು ಯೋಚನೆ ಮಾಡಬಹುದು. ಯಾರಾದರೂ ಕೇಳಿದ ಕೂಡಲೇ ಬೇಕು ಎಂದರೆ, ಮನೆಗೆ ಬಂದ ಮೇಲೆ ಅಮ್ಮ ತೊಡೆ ಚಿವುಟುತ್ತಿದ್ದಳು. ನಾನು ಕಚೇರಿ ಸೇರಿ, ಕ್ಯಾಂಟೀನಿನ ಸಾಲಿನಲ್ಲಿ ನಿಂತು, ಆ ಪಾಠ ಮರೆತೆ. ಅಕ್ಕ ಮರೆತಿಲ್ಲ. ಅರ್ಧ ಭೂಮಿ ದಾಟುವವರೆಗೆ ಅವಳು ಒಂದು ಲೋಟ ಕಿತ್ತಳೆ ರಸದ ಮೇಲಿದ್ದಳು. ಅದನ್ನೂ ಪಕ್ಕದ ಸೀಟಿನ ಪಂಜಾಬಿ ಅಜ್ಜಿ ಕೈಗೆ ತುರುಕಿದ್ದಂತೆ.

ಹ್ಯೂಸ್ಟನ್

ನಾವು ಇಳಿದುಕೊಂಡದ್ದು ರಶ್ಮಿಯ ಮನೆಯಲ್ಲಿ. ಭಾವನ ಕಾರ್ಖಾನೆಯ ಗೆಳೆಯರೊಬ್ಬರ ಮಗಳು ಇವಳು. ನಮ್ಮ ಬಡಾವಣೆಯಲ್ಲೇ ಆಡಿ ಬೆಳೆದವಳು, ಈಗ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ಡೇವಿಡ್ ಶಾಲಾ ಮೇಷ್ಟರು, ಆರಡಿ ಎತ್ತರ, ಮಾತು ಮೆತ್ತಗೆ. ನಮ್ಮನ್ನು ಆಂಟಿ ಎಂದು ಕರೆಯುವುದನ್ನು ಮೊದಲೇ ಕಲಿತಿಟ್ಟುಕೊಂಡಿದ್ದ.

"ಆಂಟಿ, ಇದು ನಿಮ್ಮ ಮನೆ ಅಂದ್ಕೊಳ್ಳಿ. ಫ್ರಿಜ್‌ನಲ್ಲಿ ಎಲ್ಲಾ ಇದೆ. ಯಾರನ್ನೂ ಕೇಳ್ಬೇಡಿ, ಏನ್ ಬೇಕೋ ತಗೊಳ್ಳಿ" ಎಂದಳು ರಶ್ಮಿ.

ಇದಕ್ಕಿಂತ ದೊಡ್ಡ ಮನಸ್ಸು ಬೇಕೆ? ಆದರೆ ನನ್ನ ಅಕ್ಕ ಇನ್ನೊಬ್ಬರ ಮನೆಯ ಫ್ರಿಜ್ ತೆಗೆಯುವುದಕ್ಕಿಂತ ಇನ್ನೊಬ್ಬರ ಬೀರು ತೆಗೆದಾಳು. ಬೆಳಗ್ಗೆ ಅವರಿಬ್ಬರೂ ಕೆಲಸಕ್ಕೆ ಹೋದರೆ, ಆ ಎರಡು ಬಾಗಿಲಿನ ಫ್ರಿಜ್ಜಿನ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳೇ ಹೊರತು ಅದರ ಹಿಡಿ ಮುಟ್ಟುತ್ತಿರಲಿಲ್ಲ. ನಾನೇ ತೆಗೆದು ತಟ್ಟೆಗೆ ಹಾಕಿಕೊಟ್ಟರೆ, "ಇನ್ನೊಬ್ಬರ ಮನೇಲಿ ನೀನ್ಯಾಕೆ ಯಜಮಾನಿಕೆ ಮಾಡ್ತೀಯ?" ಎಂದು ನನಗೇ ಗದರುವಳು. ನಾನು, "ಡಾಕ್ಟರ್ ಏನಂದಿದ್ದಾರೆ ಗೊತ್ತಲ್ಲ?" ಎಂದು ತಿರುಗಿ ಗದರುವೆ. ಹಾಗೆ ಗದರಿದ ಮೇಲೆ ಅವಳು ಎರಡು ತುತ್ತು ತಿಂದು ಎದ್ದುಬಿಡುವಳು.

ಒಂದು ಸಂಜೆ ಡೇವಿಡ್ ತಾನೇ ತರಕಾರಿ ಹಾಕಿ ಶಾವಿಗೆಯಂಥದ್ದೇನೋ ಬೇಯಿಸಿ ಬಡಿಸಿದ. ಇನ್ನಷ್ಟು ಬೇಕಾ ಎಂದು ಕೇಳಿದ. ಅಕ್ಕ ನಕ್ಕು ನೋ ಎಂದಳು. ಡೇವಿಡ್ ಪಾತ್ರೆಗೆ ಮುಚ್ಚಳ ಹಾಕಿ ಒಳಗಿಟ್ಟ. ಅವರಲ್ಲಿ ಒಬ್ಬರ ಮಾತನ್ನು ಅವರು ಹೇಳಿದಂತೆ ನಂಬುವುದೇ ಗೌರವ. ಒತ್ತಾಯ ಮಾಡಿದರೆ ನಿನ್ನ ಮಾತು ಸುಳ್ಳು ಎಂದ ಹಾಗೆ. ಅವನ ಒಳ್ಳೆಯತನಕ್ಕೂ ನನ್ನ ಅಕ್ಕನ ಒಳ್ಳೆಯತನಕ್ಕೂ ನಡುವೆ ಸಿಕ್ಕಿ ಅವಳ ಹೊಟ್ಟೆ ಖಾಲಿ ಉಳಿಯಿತು.

ನಾಲ್ಕನೇ ದಿನ ಡೇವಿಡ್ ರಜೆ ಹಾಕಿ ನಮ್ಮನ್ನು ಬಾಹ್ಯಾಕಾಶ ಕೇಂದ್ರಕ್ಕೆ ಕರೆದೊಯ್ದ. ದೊಡ್ಡದೊಂದು ಶೆಡ್ಡಿನೊಳಗೆ ರಾಕೆಟ್ ಉದ್ದಕ್ಕೆ ಮಲಗಿತ್ತು. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೆಂದರೆ ಹಲಸೂರು ಮಾರ್ಕೆಟ್ ಬೀದಿ ಸುತ್ತಿದಷ್ಟು ಕಾಲು ನೋಯುತ್ತದೆ. ಅಕ್ಕ ಅದರ ಹೊಟ್ಟೆಯ ಕೆಳಗೆ ನಿಂತು ತಲೆ ಎತ್ತಿದಳು.

"ಇವ್ರು ಇದ್ದಿದ್ರೆ ಒಂದೊಂದ್ ರಿವೆಟ್ಟೂ ಎಣಿಸ್ತಿದ್ರು" ಎಂದಳು. ಅಷ್ಟು ಹೇಳಿ ನನ್ನ ಹೆಗಲು ಹಿಡಿದಳು, ಹಿಡಿದವಳು ಹಾಗೇ ಜಾರಿ ನೆಲಕ್ಕೆ ಕುಸಿದಳು.

ಕಾವಲಿನ ಹೆಂಗಸೊಬ್ಬಳು ಓಡಿಬಂದು ಗಾಲಿಕುರ್ಚಿ ತಂದಳು, ನೀರು ಕುಡಿಸಿದಳು, ನಾಡಿ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಇವರು ಕೊನೆಯ ಸಲ ಹೊಟ್ಟೆ ತುಂಬ ತಿಂದದ್ದು ಯಾವಾಗ ಎಂದು ಕೇಳಿದಳು. ನಿನ್ನೆಯೂ ಅಲ್ಲ, ಮೊನ್ನೆಯೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ. ಪಲ್ಲವಿಯ ಮುಖ ಕಣ್ಮುಂದೆ ಬಂತು. ಮೈ ತುಂಬಿಸಿಕೊಂಡು ಕರೆತರುತ್ತೇನೆ ಎಂದವಳು ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದೆ.

ಟೋಪಿ ಹುಂಜ

ಮನೆಗೆ ಹೋಗುವವರೆಗೆ ಕಾಯುವುದು ಬೇಡ ಎಂದು ಡೇವಿಡ್ ಹೆದ್ದಾರಿಯಲ್ಲೇ ಕಾರು ತಿರುಗಿಸಿದ. ಕಂಬದ ತುದಿಯಲ್ಲಿ ಅಗಲವಾದ ಟೋಪಿ ಹಾಕಿಕೊಂಡ ಹುಂಜದ ಚಿತ್ರ. ಹೆಸರು ನನ್ನ ನಾಲಗೆಗೆ ಹೊರಳಲಿಲ್ಲ. ಅವತ್ತಿನಿಂದ ನಮಗಿಬ್ಬರಿಗೂ ಅದು ಟೋಪಿ ಹುಂಜದ ಹೋಟೆಲು. ಟೆಕ್ಸಸ್‌ನವರ ಕೈಗೆ ಸಿಕ್ಕ ಮೆಕ್ಸಿಕೋ ಅಡುಗೆ ಅಲ್ಲಿನದು, ಊರೂರಿಗೂ ಒಂದು ಶಾಖೆ ಇದೆಯಂತೆ.

ಒಳಗೆ ತಣ್ಣಗಿತ್ತು. ಕೆಂಪು ರೆಕ್ಸಿನ್ ಸೀಟು, ಗೋಡೆಯ ಮೇಲೆ ಒಣಮೆಣಸಿನಕಾಯಿಯ ಹಾರ, ಗಣೇಶನ ಪೆಂಡಾಲಿನಲ್ಲಿ ಕಟ್ಟುವಂಥ ಬಣ್ಣದ ಕಾಗದದ ತೋರಣ. ಒಂದು ಮೇಜಿನಲ್ಲಿ ಯಾರದೋ ಹುಟ್ಟುಹಬ್ಬ. ಎಂಬತ್ತು ದಾಟಿದಂತಿದ್ದ ಮುದುಕರೊಬ್ಬರ ತಲೆಗೆ ಕೊಡೆಯಗಲದ ಟೋಪಿ ಹಾಕಿ, ಕೆಲಸದವರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕಾದ ಕಬ್ಬಿಣದ ತಟ್ಟೆಯೊಂದು ಚುರ್ರೆನ್ನುತ್ತ ನಮ್ಮ ಪಕ್ಕದಿಂದ ಹೋಯಿತು. ಒಗ್ಗರಣೆ ಸದ್ದಿಗೆ ನಾವು ತಿರುಗುವಂತೆ ಇಡೀ ಹೋಟೆಲು ಅದರ ಕಡೆ ತಿರುಗಿತು.

ನಮ್ಮ ಮೇಜಿಗೆ ಬಂದ ಹೆಂಗಸಿನ ಹೆಸರು ನಾರ್ಮಾ. ನನ್ನ ವಯಸ್ಸಿನವಳು, ದುಂಡು ಮುಖ, ಎಳೆದು ಕಟ್ಟಿದ ಜಡೆ. ನಾವು ಕೂರುವ ಮೊದಲೇ ಬುಟ್ಟಿ ಮತ್ತು ಎರಡು ಬಟ್ಟಲು ಕೆಂಪು ಚಟ್ನಿ ತಂದಿಟ್ಟಳು. ಬೇಕಾ ಎಂದು ಕೇಳಲಿಲ್ಲ. ಅಕ್ಕನ ಬಾಯಲ್ಲಿ ಸಿದ್ಧವಾಗಿದ್ದ "ನೋ ಥ್ಯಾಂಕ್ಸ್"ಗೆ ಜಾಗವೇ ಸಿಗಲಿಲ್ಲ.

ನಾವು ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂದೆ. ನಾರ್ಮಾ ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಅನ್ನ ಬೇಡ, ಅದನ್ನ ಕೋಳಿ ಬೇಯಿಸಿದ ನೀರಲ್ಲಿ ಮಾಡ್ತಾರೆ. ಅರೆದ ಕಾಳಿಗೆ ಕೊಬ್ಬು ಹಾಕ್ತಾರೆ. ಕಪ್ಪು ಕಾಳು ಆಗಬಹುದು, ಇರಿ, ಒಳಗೆ ಕೇಳ್ಕೊಂಡ್ ಬರ್ತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಅಡುಗೆಮನೆಗೆ ಹೋದಳು. ಬಂದು, ಕಪ್ಪು ಕಾಳಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಬೇರೇನೂ ಇಲ್ಲ ಎಂದು ಎದೆ ಮೇಲೆ ಕೈಯಿಟ್ಟಳು.

"ಹೇಳ್ದೇ ಇದ್ದಿದ್ರೆ ನಮಗೇನ್ ಗೊತ್ತಾಗ್ತಿತ್ತು?" ಎಂದಳು ಅಕ್ಕ. "ದೇವ್ರಂಥ ಹೆಂಗ್ಸು."

ಹಾಗೆನ್ನುತ್ತಿದ್ದಂತೆ ಅವಳ ಕೈ ತನ್ನಷ್ಟಕ್ಕೆ ಬುಟ್ಟಿಯ ಕಡೆ ಹೋಯಿತು. ಒಂದು ಚಿಪ್ಸು ಮುರಿದಳು. ಚಟ್ನಿಗೆ ಅದ್ದಿದಳು. "ಟೊಮೆಟೊ ಗೊಜ್ಜು! ಹಸಿಮೆಣಸಿನಕಾಯಿ ಇದೆ, ಕೊತ್ತಂಬರಿ ಇದೆ, ನಿಂಬೆಹಣ್ಣೂ ಹಿಂಡಿದ್ದಾರೆ" ಎಂದು ಪರೀಕ್ಷೆಯ ಫಲಿತಾಂಶ ಓದುವವಳಂತೆ ಹೇಳಿದಳು. ಡೇವಿಡ್‌ನ ಕಾಲನ್ನು ಮೇಜಿನಡಿ ತುಳಿದು ಅವನೇನೂ ಮಾತಾಡದಂತೆ ಮಾಡಿದೆ. ನಾವಿಬ್ಬರೂ ಹುಟ್ಟುಹಬ್ಬದ ಮುದುಕರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆವು.

ಬುಟ್ಟಿ ತಳ ಕಂಡಿತು. ನಾರ್ಮಾ ಹಾದುಹೋಗುತ್ತ ಅದನ್ನೆತ್ತಿ ಇನ್ನೊಂದು ತುಂಬಿದ ಬುಟ್ಟಿ ಇಟ್ಟಳು. ನಡಿಗೆ ನಿಲ್ಲಿಸಲೂ ಇಲ್ಲ.

"ನಾವ್ ಹೇಳ್ಲೇ ಇಲ್ವಲ್ಲ!" ಅಕ್ಕ ಬೆರಗಾದಳು.

ವಿಮೆ ಕಚೇರಿಯವಳಾದ ನನಗೆ ಪುಕ್ಕಟೆ ಎಂದರೆ ಅನುಮಾನ. ಎಲ್ಲೋ ಸಣ್ಣಕ್ಷರದಲ್ಲಿ ಏನೋ ಇರಲೇಬೇಕೆಂದು ಮೆನುವಿನ ಹಿಂದುಮುಂದೆಲ್ಲ ಹುಡುಕಿದೆ. ಏನೂ ಇರಲಿಲ್ಲ. ಹಲಸೂರಿನಲ್ಲಿ ಹೂ ಮಾರುವ ಸೆಲ್ವಿ ಮೊಳ ಹಾಕಿ ಕತ್ತರಿಸಿದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಡುತ್ತಾಳಲ್ಲ, ಆ ಕೊಸರಿನ ಲೆಕ್ಕವೇ ಇದೂ ಎಂದು ಡೇವಿಡ್‌ಗೆ ವಿವರಿಸಿದೆ. ಅವನು ತಲೆಯಾಡಿಸಿದ. ಎಷ್ಟು ಅರ್ಥವಾಯಿತೋ ತಿಳಿಯದು.

ಊಟ ಬಂತು. "ತಟ್ಟೆ ತುಂಬಾ ಬಿಸಿ, ಮುಟ್ಟಬೇಡಿ" ಎಂದಳು ನಾರ್ಮಾ. ಮೂವರೂ ತಕ್ಷಣ ಮುಟ್ಟಿ ಕೈ ಹಿಂದೆಳೆದುಕೊಂಡೆವು. ಅಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರಂತೆ. ಅಕ್ಕ ನಕ್ಕಳು. ಹಲ್ಲು ಕಾಣುವಂತೆ ನಕ್ಕದ್ದನ್ನು ನೋಡಿ ನನಗೆ ಎಷ್ಟು ದಿನವಾಗಿತ್ತು! ರೊಟ್ಟಿಯೊಳಗೆ ಚೀಸ್ ಸುತ್ತಿ ಮೇಲೆ ಸಾರು ಸುರಿದದ್ದರಲ್ಲಿ ಅರ್ಧ ತಿಂದಳು, ಕಪ್ಪು ಕಾಳು ಪೂರ್ತಿ ತಿಂದಳು, ಮೂರನೇ ಬುಟ್ಟಿಯಲ್ಲೂ ಕೈಯಾಡಿಸಿದಳು.

ಸ್ಯಾನ್ ಆಂಟೋನಿಯೊ

ಮುಂದಿನ ವಾರ ರಶ್ಮಿ, ಡೇವಿಡ್ ನಮ್ಮನ್ನು ಸ್ಯಾನ್ ಆಂಟೋನಿಯೊಗೆ ಕರೆದೊಯ್ದರು. ಊರ ನಡುವೆ ಹೊಳೆ, ದಂಡೆಯ ಉದ್ದಕ್ಕೂ ಬಣ್ಣದ ಕೊಡೆಗಳು, ದೋಣಿಗಳು. ಹಲಸೂರು ಕೆರೆಯನ್ನು ತೆಳ್ಳಗೆ ಎಳೆದು ಊರಿಗೆಲ್ಲ ಹಂಚಿದಂತಿದೆ ಎಂದುಕೊಂಡೆ. ಅಕ್ಕ ಇದನ್ನೆಲ್ಲ ಒಂದು ಗಳಿಗೆ ನೋಡಿ ಕೇಳಿದಳು:

"ಇಲ್ಲೂ ಹುಂಜ ಇದ್ಯಾ?"

ರಶ್ಮಿಗೆ ಮುಜುಗರವಾಯಿತು. "ಆಂಟಿ, ಈ ಊರಲ್ಲಿ ಒಳ್ಳೊಳ್ಳೇ ಹೋಟೆಲ್ ಇವೆ. ಅದು ಎಲ್ಲಾ ಕಡೆ ಇರೋ ಮಾಮೂಲಿ ಜಾಗ. ನಿಜವಾದ ಮೆಕ್ಸಿಕೋ ಅಡುಗೇನೂ ಅಲ್ಲ ಅದು."

"ಇರ್ಲಿ ಬಿಡಮ್ಮ" ಎಂದೆ ನಾನು. "ನಮ್ಮೂರ ಗೋಬಿ ಮಂಚೂರಿ ಯಾವ ಚೀನಾದಲ್ಲಿದೆ? ನಾವು ತಿಂದ್ಕೊಂಡ್ ಬದುಕಿಲ್ವಾ?"

ಹುಂಜ ಅಲ್ಲೂ ಇತ್ತು. ಅದೇ ಕೆಂಪು ಸೀಟು, ಅದೇ ತೋರಣ, ಅದೇ ಮೆಣಸಿನಕಾಯಿ ಹಾರ. ನಾನು ಊರಲ್ಲಿ ಇಂಥ ಶಾಖೆ ಹೋಟೆಲುಗಳನ್ನು ಮೂಗು ಮುರಿದೇ ನೋಡುತ್ತಿದ್ದವಳು. ಎಲ್ಲಿ ಹೋದರೂ ಒಂದೇ ಥರ ಇರುವುದರಲ್ಲಿ ಏನು ಸುಖ ಎನ್ನುತ್ತಿದ್ದೆ. ಆದರೆ ಭಾಷೆ, ದಾರಿ, ಹವೆ, ನಲ್ಲಿ ತಿರುಗಿಸುವ ರೀತಿ, ಎಲ್ಲವೂ ಬೇರೆಯಾದ ದೇಶದಲ್ಲಿ ಗುರುತಿನದೊಂದು ಬಾಗಿಲು ಸಿಕ್ಕರೆ ಎದೆ ಹಗುರಾಗುತ್ತದೆ. ಅಕ್ಕ ಕೇಳದೆಯೇ ಕಿಟಕಿ ಪಕ್ಕದ ಸೀಟಿಗೆ ಹೋಗಿ ಕೂತಳು, ಚೀಲ ಪಕ್ಕಕ್ಕಿಟ್ಟಳು, ಬುಟ್ಟಿಗೆ ಜಾಗ ಮಾಡಿದಳು. ಇಲ್ಲಿ ಬಡಿಸಿದವರು ನೆರೆತ ಮೀಸೆಯ ದೊಡ್ಡವರೊಬ್ಬರು. ಅವರೂ ಕೇಳದೆಯೇ ತಂದಿಟ್ಟರು, ಖಾಲಿಯಾಗುವ ಮೊದಲೇ ತುಂಬಿದರು.

ಊಟ ಮುಗಿಸಿ ರಶ್ಮಿ, ಡೇವಿಡ್ ದೋಣಿಯ ಟಿಕೆಟ್ ತರಲು ಹೋದಾಗ ಅಕ್ಕ ಬುಟ್ಟಿಯ ಅಂಚನ್ನು ಸವರುತ್ತ ಹೇಳಿದಳು.

"ನಿಮ್ಮ ಭಾವ ಬೆರಳು ನೋಡ್ತಿದ್ರು ಕಣೇ."

"ಯಾವ ಬೆರಳು?"

"ಊಟಕ್ಕೆ ಕೂತಾಗ ಸಾಕು ಅಂತ ಎಲೆಗೆ ಕೈ ಅಡ್ಡ ಹಿಡೀತೀವಲ್ಲ, ಆಗ. ಬೆರಳು ಕೂಡಿದ್ರೆ ನಿಜವಾಗ್ಲೂ ಸಾಕು ಅಂತ. ಬೆರಳ ಮಧ್ಯೆ ಸಂದಿ ಇದ್ರೆ ಇನ್ನೂ ಹಸಿವಿದೆ ಅಂತ. ಅವ್ರು ಆ ಸಂದೀಲೇ ಅನ್ನ ಉದುರಿಸ್ತಿದ್ರು. ನಾನು ಬೈತಿದ್ದೆ, ಬೈಕೊಂಡೇ ತಿಂತಿದ್ದೆ."

ನಾನು ಬುಟ್ಟಿಯನ್ನು ಅವಳ ಹತ್ತಿರಕ್ಕೆ ಸರಿಸಿದೆ. ಅವಳೇ ಮುಂದುವರಿಸಿದಳು.

"ಅವ್ರು ಹೋದ್ಮೇಲೆ ಎಲ್ರೂ ನನ್ ಮಾತು ಕೇಳೋಕೆ ಶುರು ಮಾಡಿದ್ರು. ಬೇಡ ಅಂದ್ರೆ ಬೇಡ. ಪಲ್ಲವಿ ಪಾಪ, ಬೇಕಾಮ್ಮಾ ಅಂತಾಳೆ. ಬೇಕು ಅನ್ನೋದಕ್ಕೆ ಬರಲ್ವೇ ನಂಗೆ. ಅರವತ್ತಾಯ್ತು, ಇನ್ನೆಲ್ಲಿ ಕಲೀಲಿ?"

ಭಾವನ ವೈಕುಂಠ ಸಮಾರಾಧನೆಯ ದಿನ ನೆನಪಾಯಿತು. ಪಾಯಸದ ಬಕೆಟ್ ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಿದ್ದವಳು ನಾನೇ. ಅಕ್ಕನ ಮುಂದೆ ನಿಂತು "ಹಾಕ್ಲಾ?" ಎಂದೆ. ಅವಳು ಎಲೆಗೆ ಕೈ ಅಡ್ಡ ಹಿಡಿದಳು. ಸರಿ ಎಂದು ಮುಂದಿನ ಎಲೆಗೆ ಹೋದೆ. ಇನ್ನೂ ಅರವತ್ತು ಎಲೆ ಬಾಕಿಯಿದ್ದವು. ಅವಳ ಬೆರಳು ಹೇಗಿದ್ದವು ಎಂದು ನಾನು ನೋಡಲೇ ಇಲ್ಲ. ಒಡಹುಟ್ಟಿದವಳಾಗಿ ಅವಳ ಮುಂದೆ ಇನ್ನೊಂದು ಗಳಿಗೆ ನಿಲ್ಲದೆ ಹೋದೆನಲ್ಲ ಎಂದು ಆ ಪರದೇಶದ ಹೋಟೆಲಿನಲ್ಲಿ ನನಗೆ ಅಳು ಬಂತು. ಚಟ್ನಿ ಖಾರ ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ.

ಅಳು ಮುಚ್ಚಲು ವಾದಕ್ಕಿಳಿದೆ. "ಇವ್ರೇನ್ ಪ್ರೀತಿಗೆ ತಂದಿಡ್ತಾರಾ ಅಕ್ಕಾ? ಕಂಪನಿ ರೂಲ್ಸು ಅಷ್ಟೇ."

"ಇರ್ಲಿ ಬಿಡು. ಆ ರೂಲ್ಸ್ ಬರ್ದೋನಿಗೆ ಅವನಮ್ಮ ಚೆನ್ನಾಗಿ ಬಡಿಸಿರ್ತಾಳೆ" ಎಂದಳು ಅಕ್ಕ.

ಮತ್ತೆ ನಾರ್ಮಾ

ಆಮೇಲೆ ನಾವು ಹುಂಜಕ್ಕೆ ಎಷ್ಟು ಸಲ ಹೋದೆವೋ ಲೆಕ್ಕವಿಡಲಿಲ್ಲ. ರಶ್ಮಿಗೂ ಡೇವಿಡ್‌ಗೂ ನಾನು ಬೆರಳ ಸಂದಿಯ ಗುಟ್ಟು ಹೇಳಿಕೊಟ್ಟೆ. ಅವಳು ಹೀಗೇ ಬಡಿಸುತ್ತಿದ್ದ ತನ್ನ ಅಜ್ಜಿಯನ್ನು ನೆನೆಸಿಕೊಂಡು ಹಣೆ ಚಚ್ಚಿಕೊಂಡಳು. ಮಾರನೆಯ ದಿನದಿಂದ ಅಕ್ಕನನ್ನು ಏನೂ ಕೇಳದೆ ತಟ್ಟೆಗೆ ಹಾಕತೊಡಗಿದಳು. ಡೇವಿಡ್ ಬಡಿಸುವಾಗ ಗಾಬರಿಯಿಂದ ಅಕ್ಕನ ಬೆರಳನ್ನೇ ದಿಟ್ಟಿಸುತ್ತಿದ್ದ, ಕಣ್ಣಿನ ಡಾಕ್ಟರ ಮುಂದೆ ಕೂತವನ ಹಾಗೆ. ಒಮ್ಮೆ ಅವಳು ನಿಜವಾಗಿ ಸಾಕು ಎಂದಾಗಲೂ ಸುರಿದುಬಿಟ್ಟ. ಅವಳು ಬೈದುಕೊಂಡೇ ತಿಂದಳು.

ವಾಪಸ್ ಹೊರಡುವ ದಿನ ವಿಮಾನ ನಿಲ್ದಾಣದ ದಾರಿಯಲ್ಲಿ ನಾರ್ಮಾಳ ಹೋಟೆಲಿಗೆ ಹೋದೆವು. ಮಧ್ಯಾಹ್ನದ ಗದ್ದಲ ಮುಗಿದಿತ್ತು. ನಾರ್ಮಾ ಗೋಡೆಗೆ ಒರಗಿ, ಒಂದು ಕಾಲಿನ ಚಪ್ಪಲಿಯಿಂದ ಪಾದ ಹೊರಗೆ ತೆಗೆದು ಇನ್ನೊಂದು ಕಾಲಿಗೆ ಉಜ್ಜಿಕೊಳ್ಳುತ್ತಿದ್ದಳು. ನಮ್ಮನ್ನು ಕಂಡವಳೇ ನೆಟ್ಟಗಾಗಿ ಬುಟ್ಟಿ ತಂದಳು.

ರಶ್ಮಿಗೆ ಒಂದು ಡಬ್ಬಿ ಕೊಟ್ಟು ಉಳಿದಿದ್ದ ಇನ್ನೊಂದು ಡಬ್ಬಿ ಕೋಡುಬಳೆಯನ್ನು ಅಕ್ಕ ಕೈಚೀಲದಿಂದ ತೆಗೆದು ಮುಚ್ಚಳ ಬಿಚ್ಚಿ ನಾರ್ಮಾಳ ಮುಂದೆ ಹಿಡಿದಳು. "ಫಾರ್ ಯೂ. ಮೈ ಹ್ಯಾಂಡ್" ಎಂದಳು.

ನಾರ್ಮಾ ಎರಡು ಹೆಜ್ಜೆ ಹಿಂದೆ ಸರಿದಳು. ಇಲ್ಲ ಇಲ್ಲ, ಬೇಡ, ನಾನು ಕೆಲಸದಲ್ಲಿದ್ದೇನೆ, ನೀವೇ ತಿನ್ನಿ ಎಂದಳು. ಮೂರು ವಾರದಲ್ಲಿ ಅಮೆರಿಕ ಕಲಿತುಬಿಟ್ಟಿದ್ದೇನೆಂಬ ಜಂಬದಲ್ಲಿ ನಾನು ಅಕ್ಕನ ಮೊಣಕೈ ಹಿಡಿದೆ.

"ಬಿಡೇ ಅಕ್ಕಾ. ಇಲ್ಲಿ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ. ಬಲವಂತ ಮಾಡ್ಬಾರ್ದು."

"ನೀನ್ ಸುಮ್ನಿರು" ಎಂದಳು ಅಕ್ಕ. "ಅವಳ ಕಾಲು ನೋಡು. ಬೆಳಗ್ಗೆಯಿಂದ ಕೂತಿಲ್ಲ."

ಮತ್ತೆ ಡಬ್ಬಿ ಮುಂದೆ ಹಿಡಿದಳು. ನಾರ್ಮಾ ಮತ್ತೆ ತಲೆಯಾಡಿಸಿದಳು. ಈ ಸಲ ಸ್ವಲ್ಪ ನಿಧಾನವಾಗಿ. ಅಕ್ಕ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಅಚ್ಚ ಹಲಸೂರಿನ ಕನ್ನಡದಲ್ಲಿ, "ತಗೊಳ್ಳಮ್ಮಾ, ನಾಚ್ಕೋಬೇಡ. ಎಲ್ರಿಗೂ ಬಡಿಸ್ತೀಯ, ನಿಂಗ್ಯಾರ್ ಬಡಿಸ್ತಾರೆ?" ಎಂದು ಒಂದು ಕೋಡುಬಳೆಯನ್ನು ಅವಳ ಅಂಗೈಯಲ್ಲಿ ಇಟ್ಟೇಬಿಟ್ಟಳು.

ಏನಂದರು ಎಂದು ನಾರ್ಮಾ ನನ್ನನ್ನು ಕೇಳಿದಳು. ಹೇಳಿದೆ. ಅವಳು ಕೋಡುಬಳೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಆಮೇಲೆ ನಮ್ಮ ಸೀಟಿನ ತುದಿಯಲ್ಲಿ ಕೂತುಬಿಟ್ಟಳು. ಕಟುಮ್ ಎಂದು ಕಚ್ಚಿದಳು. ಖಾರ ಹತ್ತಿತೋ ಏನೋ, ಕಣ್ಣು ತುಂಬಿತು. ತನ್ನ ಅಮ್ಮನೂ ಬಾಣಲೆ ಮುಂದೆ ನಿಂತು ಹೀಗೇ ಕೈಗೆ ಕೊಡುತ್ತಿದ್ದಳು, ಬೇಡ ಎಂದರೆ ಕೇಳುತ್ತಿರಲಿಲ್ಲ ಎಂದಳು. ಎರಡನೆಯದನ್ನು ಅಕ್ಕ ಕೊಡಬೇಕಾಗಿ ಬರಲಿಲ್ಲ, ಅವಳೇ ತೆಗೆದುಕೊಂಡಳು.

ಮೇಜಿನ ಮೇಲೆ ಎರಡು ತಿಂಡಿ ಅಕ್ಕಪಕ್ಕ ಇದ್ದವು. ನಾರ್ಮಾ ಕೋಡುಬಳೆ ತಿಂದಳು, ಅಕ್ಕ ಚಿಪ್ಸು ತಿಂದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಮೊಣಕಾಲು ನೋವಿನ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಜೀವನ್ ಬಿಮಾ ನಗರ

ವಿಮಾನದಲ್ಲಿ ನಾನು ಮಾತ್ರೆ ನುಂಗಲಿಲ್ಲ. ಊಟ ಬಂದಾಗಲೆಲ್ಲ ಅಕ್ಕನ ಪರವಾಗಿ ನಾನೇ ತೆಗೆದುಕೊಂಡು ಅವಳ ಮುಂದಿಟ್ಟೆ. ಬೆಂಗಳೂರಿನಲ್ಲಿ ಇಳಿದಾಗ ಪಲ್ಲವಿ ಅಮ್ಮನನ್ನು ತಬ್ಬಿಕೊಂಡು, ಕೈ ಹಿಡಿದು, ಬಳೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಗುಟ್ಟಾಗಿ ನೋಡಿದಳು. ಮುಂಗೈ ಹತ್ತಿರವೇ ನಿಂತಿತು. ಆ ಹುಡುಗಿ ನನ್ನ ಕಡೆ ತಿರುಗಿ ಕೈ ಮುಗಿದಳು. ಕೈ ಮುಗಿಯಬೇಕಾದದ್ದು ನನಗಲ್ಲ ಎಂದೆ. ಇವತ್ತಿಗೂ ಆ ಕೆಂಪು ಸೀಟಿನ ಕಡೆಗೆ, ಆ ಪ್ಲಾಸ್ಟಿಕ್ ಬುಟ್ಟಿಯ ಕಡೆಗೆ, ನಾರ್ಮಾಳ ಕಡೆಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ನಮ್ಮ ಮನೆಯದೇ ಪಾಠವನ್ನು ಅಷ್ಟು ದೂರ ಹೋಗಿ ಮತ್ತೆ ಕಲಿತು ಬಂದೆ.

ಮೊದಲ ಭಾನುವಾರ ಅಕ್ಕನನ್ನು ನಮ್ಮ ಮನೆಗೆ ಊಟಕ್ಕೆ ಕರೆದೆ. ಬಾಳೆ ಎಲೆ ಹಾಕಿದೆ. ಸಾರನ್ನ ಮುಗಿಯಿತು, ಹುಳಿಯನ್ನ ಮುಗಿಯಿತು. ಪಾಯಸದ ಪಾತ್ರೆ ಹಿಡಿದು ಅವಳ ಎದುರು ಬಂದು ನಿಂತೆ. ಈ ಸಲ "ಹಾಕ್ಲಾ" ಎಂದು ಕೇಳಲಿಲ್ಲ. ಮುಂದಿನ ಎಲೆಗೆ ಹೋಗುವ ಅವಸರವೂ ನನಗಿರಲಿಲ್ಲ.

"ಸಾಕು ಕಣೇ, ಬೇಡ" ಎಂದು ಅಕ್ಕ ಎಲೆಗೆ ಕೈ ಅಡ್ಡ ಹಿಡಿದಳು.

ಬೆರಳುಗಳ ನಡುವೆ ಸಂದಿ ಇತ್ತು.

ಆ ಸಂದಿಯಲ್ಲೇ ಸುರಿದೆ. ಬೆಚ್ಚಗಿನ ಶಾವಿಗೆ ಅವಳ ಬೆರಳ ಮೇಲೆಲ್ಲ ಹರಿದು ಎಲೆಗಿಳಿಯಿತು. "ನಿಂಗೇನ್ ಬಂದಿದೆಯೇ, ಥೇಟ್ ನಿಮ್ಮ ಭಾವನ ಬುದ್ಧಿ!" ಎಂದು ಗದರಿದಳು ಅಕ್ಕ. ಗದರುತ್ತಲೇ ಮೊದಲು ಬೆರಳು ನೆಕ್ಕಿಕೊಂಡಳು, ಆಮೇಲೆ ಎಲೆಗೆ ಕೈ ಹಾಕಿದಳು.